ಹಗೇವಿನ ಕಥೆ ಇನ್ನೂ ಬೇಕಿತ್ತು

ಹಳೇ ರೈತ ಮನೆತನವೊಂದರ ಬಗ್ಗೆ ನೀವು ಬರೆದ ಲೇಖನ ತುಂಬಾ ಹಿಡಿಸಿತು. ಬೆಂಗಳೂರಿನ ಅಂಚಿನಲ್ಲಿ 19ನೇ ಶತಮಾನದ ರಾಗಿ ಬೆಳೆಗಾರರೊಬ್ಬರು ಕಟ್ಟಿದ ತೊಟ್ಟಿ ಮನೆ, ಅವರ ನಂತರದ ತಲೆಮಾರುಗಳು, ಈಗ ಸುತ್ತ ಎದ್ದಿರುವ ಅಪಾರ್ಟ್‌ಮೆಂಟುಗಳು, ಎಲ್ಲ ಚೆನ್ನಾಗಿ ಬಂದಿದೆ. ಆದರೆ ಅಂಗಳದ ಹಗೇವಿಗೆ, ಅಂದರೆ ರಾಗಿ ತುಂಬಿಡುವ ನೆಲದೊಳಗಿನ ಗುಂಡಿಗೆ, ಒಂದೇ ಸಾಲು ಕೊಟ್ಟಿದ್ದು ಸಾಲದು. 1876-78ರ ಬರದಲ್ಲಿ ಮೈಸೂರು ಸಂಸ್ಥಾನದ ಸುಮಾರು ಐದನೇ ಒಂದು ಭಾಗ ಜನ ತೀರಿಕೊಂಡರು. ಆ ಮನೆತನ ಹೇಗೆ ಉಳಿಯಿತು? ಹಗೇವಿನ ಬಾಯಿಗೆ ಚಪ್ಪಡಿ ಹಾಕಿ, ಮಣ್ಣು ಮೆತ್ತಿದರೆ ಒಳಗಿನ ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ. ತೆರೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಕೆಟ್ಟ ಗಾಳಿಗೆ ಜೀವವೇ ಹೋಗುತ್ತಿತ್ತು. ಇದನ್ನೆಲ್ಲ ಆ ಮನೆಯ ಹಿರಿಯರಿಂದ ಕೇಳಿ ಬರೆದುಕೊಳ್ಳಿ, ತಡ ಮಾಡಬೇಡಿ.

ಹಳೇ ಕಾಗದ ಏನೂ ಉಳಿದಿಲ್ಲ ಅಂತ ಮನೆಯವರು ಹೇಳಿದ್ದಾರೆ. ಮನೆಯಲ್ಲಿ ಇಲ್ಲದಿರಬಹುದು, ಕಚೇರಿಯಲ್ಲಿ ಹುಡುಕಿ ಸರ್. ಮೈಸೂರಿನಲ್ಲಿ ಕಂದಾಯ ಸರ್ವೆ ಶುರುವಾಗಿದ್ದು 1863ರಲ್ಲಿ. ಪಹಣಿಯ ಸರ್ವೆ ನಂಬರ್ ಹಿಡಿದು ಮೂಲ ಟಿಪ್ಪಣಿ (ಮೊದಲ ಅಳತೆಯ ಹೊಲದ ನಕ್ಷೆ), ಆಕಾರ್‌ಬಂದ್ (ಪ್ರತಿ ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯದ ಪಟ್ಟಿ), ಗ್ರಾಮ ನಕ್ಷೆಯ ನಕಲಿಗೆ ಸರ್ವೆ ಕಚೇರಿಯಲ್ಲಿ ಅರ್ಜಿ ಹಾಕಿ. ಹೊಲದ ಗಡಿ, ಎಕರೆ ಗುಂಟೆ, ಖರಾಬು (ಸಾಗುವಳಿಗೆ ಬಾರದ ಜಾಗ) ಎಲ್ಲ ಅದರಲ್ಲಿರುತ್ತದೆ. ಪಾಲುಗಳನ್ನು ಅಳೆದು ಬರೆದ ಹಿಸ್ಸಾ ಟಿಪ್ಪಣಿ ಸಿಕ್ಕರೆ ಜಮೀನು ಹೇಗೆ ಪಾಲಾಯಿತು ಅನ್ನೋದೂ ಗೊತ್ತಾಗುತ್ತದೆ. ಸುಮ್ನೆ ನೆನಪಿನ ಮೇಲೆ ಬರೆದ ವಂಶಾವಳಿಗಿಂತ ಇದು ಗಟ್ಟಿ ಅಲ್ವಾ?

ಅಂಥ ಕಾಗದಗಳಲ್ಲಿ ಹೆಣ್ಣುಮಕ್ಕಳ ಹೆಸರು ಕಡಿಮೆ. ಲೇಖನದಲ್ಲಿ ನೀವು ಕೊಟ್ಟ ವಂಶಾವಳಿಯಲ್ಲೂ ಬರೀ ಗಂಡಸರೇ ಇದ್ದಾರೆ. ಯಾವ ಊರಿಂದ ಸೊಸೆ ತಂದರು, ಮಗಳನ್ನು ಎಲ್ಲಿಗೆ ಕೊಟ್ಟರು ಅಂತ ನೆಂಟರ ಮನೆಗಳಲ್ಲಿ ವಿಚಾರಿಸಿ, ದಯವಿಟ್ಟು ಮುಂದಿನ ಭಾಗದಲ್ಲಿ ಸೇರಿಸಿ.