ಹದಿನಾಲ್ಕು ಪೂರ್ಣ ದಿನಗಳು

ಜೂನ್ ತಿಂಗಳ ಎರಡನೆಯ ವಾರ ನಮ್ಮ ಬಚ್ಚಲುಮನೆಯ ಸೀಲಿಂಗಿನಲ್ಲಿ ಒಂದು ಕಲೆ ಕಾಣಿಸಿಕೊಂಡಿತು. ಮೊದಲ ದಿನ ಅದು ಅಂಗೈಯಗಲವಿತ್ತು; ಮೂರನೆಯ ದಿನ ನೀರುದೋಸೆಯಷ್ಟಾಯಿತು; ವಾರ ಕಳೆಯುವುದರೊಳಗೆ ಕಾಸರಗೋಡಿನ ಕಡೆಗೆ ತುಸು ಚಾಚಿಕೊಂಡ ಕರ್ನಾಟಕದ ನಕ್ಷೆಯಾಗಿ ಬೆಳೆಯಿತು. ಹನಿ ತೊಟ್ಟಿಕ್ಕುತ್ತಿದ್ದದ್ದು ಸರಿಯಾಗಿ ಬೆಳಗಾವಿ ಇರಬೇಕಾದ ಜಾಗದಿಂದ. ಮೇಲಿನ ಮನೆಯವರು ಮರಾಠಿಯವರಾದ್ದರಿಂದ ಈ ಹೋಲಿಕೆಯನ್ನು ನಾನು ನನ್ನ ಹೆಂಡತಿಗಲ್ಲದೆ ಬೇರೆ ಯಾರಿಗೂ ಹೇಳಲಿಲ್ಲ. ಅವಳು ನಗಲಿಲ್ಲ, ಬಾಲ್ದಿಯನ್ನು ಬೆಳಗಾವಿಯ ಕೆಳಗೆ ಸರಿಸಿಟ್ಟಳು.

ನಾನು ಕಾನೂನು ಓದಿದವನಲ್ಲ. ಮುಂಬಯಿಯ ಮುಲುಂಡಿನಿಂದ ಫೋರ್ಟಿಗೆ ಹೋಗಿ, ಇನ್ನೊಬ್ಬರ ಲೆಕ್ಕಪತ್ರ ನೋಡಿ, ಸಂಜೆ ಹಿಂದಿರುಗುವ ಸಾಮಾನ್ಯ ಮನುಷ್ಯ. ಆದರೆ ಹಕ್ಕು ಎಂಬ ಪದ ಕಿವಿಗೆ ಬಿದ್ದರೆ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ನಮ್ಮ ಬೀದಿಯ ಅಂಗಡಿಯವನು ಇಪ್ಪತ್ತು ರೂಪಾಯಿಯ ನೀರಿನ ಬಾಟಲಿಗೆ ಇಪ್ಪತ್ತೆರಡು ಕೇಳಿದಾಗಲೂ ಹಾಗೆಯೇ ಆಯಿತು. ಹೆಚ್ಚಿನ ಎರಡು ರೂಪಾಯಿ ಕೂಲಿಂಗಿಗೆ ಎಂದು ಅವನು ವಿವರಿಸಿದ. ಪೊಟ್ಟಣದ ಮೇಲೆ ಮುದ್ರಿಸಿದ ಗರಿಷ್ಠ ಬೆಲೆಗಿಂತ ಒಂದು ಪೈಸೆ ಹೆಚ್ಚಿಗೆ ಕೇಳುವುದೂ 2009ರ ಲೀಗಲ್ ಮೆಟ್ರಾಲಜಿ ಕಾಯ್ದೆಗೂ 2011ರ ಪೊಟ್ಟಣ ನಿಯಮಗಳಿಗೂ ವಿರುದ್ಧವೆಂದು, ಹಿಂದೆ ನಿಂತ ನಾಲ್ಕು ಜನ ಗಿರಾಕಿಗಳಿಗೂ ಕೇಳಿಸುವಂತೆ, ನಾನು ತಿಳಿಸಿದೆ. ಅವನು ವಾದಿಸಲೇ ಇಲ್ಲ. ಫ್ರಿಜ್ಜಿನ ಬಾಗಿಲು ಮುಚ್ಚಿ, ಅಂಗಡಿಯ ಹೊರಗೆ ಮೇ ತಿಂಗಳ ಬಿಸಿಲಲ್ಲಿದ್ದ ಪೆಟ್ಟಿಗೆಯಿಂದ ಒಂದು ಬಾಟಲಿ ತೆಗೆದು ಕೈಗಿತ್ತು, ಇಪ್ಪತ್ತೇ ರೂಪಾಯಿ ತೆಗೆದುಕೊಂಡ. ನೀರು ಎಣ್ಣೆಸ್ನಾನಕ್ಕೆ ಹದವಾಗಿತ್ತು. ಬೆಲೆಯ ಬಗ್ಗೆ ಕಾಯ್ದೆ ನನ್ನ ಪರವಾಗಿತ್ತು. ತಂಪಿನ ಬಗ್ಗೆ ಅದು ಏನನ್ನೂ ಹೇಳಿರಲಿಲ್ಲ.

ಆಟೋಗಳ ವಿಷಯವೂ ಇದೇ ಬಗೆಯದು. ಪರ್ಮಿಟ್ ಇರುವ ರಿಕ್ಷಾದವನು ಸಕಾರಣವಿಲ್ಲದೆ ಗಿರಾಕಿಯನ್ನು ನಿರಾಕರಿಸುವುದು 1988ರ ಮೋಟಾರು ವಾಹನ ಕಾಯ್ದೆಯ 178ನೆಯ ಕಲಮಿನಂತೆ ಅಪರಾಧ. ಆದರೆ ಇದನ್ನು ಹೇಳಲು ಎಂಟು ಸೆಕೆಂಡು ಬೇಕು, ಅವನಿಗೆ ತಲೆ ಅಲ್ಲಾಡಿಸಲು ಒಂದೇ ಸೆಕೆಂಡು ಸಾಕು. ನಾನು ‘ಏಕ್ ಸೌ ಅಠಹತ್ತರ್’ ಎನ್ನುವ ಹೊತ್ತಿಗೆ ಅವನು ಭಾಂಡುಪ್ ಕಡೆ ತಿರುಗಿ ಆಗಿರುತ್ತಿತ್ತು.

ಲೋಕಲ್ ಟ್ರೇನಿನ ಪ್ರಸಂಗವನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಸೆಕೆಂಡ್ ಕ್ಲಾಸಿನ ಸೀಟು ಮೂವರದ್ದು. ನಾಲ್ಕನೆಯವನು ತುದಿಯಲ್ಲಿ ಅರ್ಧ ಆಸನವೂರಿ ಕುಳಿತುಕೊಳ್ಳುವುದು ಮುಂಬಯಿಯ ಪದ್ಧತಿ, ಅದಕ್ಕೆ ಫೋರ್ತ್ ಸೀಟ್ ಎಂದೇ ಹೆಸರು. ಒಂದು ಬೆಳಿಗ್ಗೆ, ಇದು ಮೂವರ ಸೀಟೆಂದು ನಾನು ನಾಲ್ಕನೆಯವನಿಗೆ ಬುದ್ಧಿ ಹೇಳಿದೆ. ಅವನು ಮರುಮಾತಾಡದೆ ಎದ್ದು ನಿಂತ. ಮಾತಾಡಿದ್ದು ಉಳಿದವರು: ಎದುರು ಸೀಟಿನ ನಾಲ್ವರು, ಬಾಗಿಲಲ್ಲಿ ನೇತಾಡುತ್ತಿದ್ದ ಇಬ್ಬರು, ಮೇಲಿನ ಕಂಬಿ ಹಿಡಿದು ನಿದ್ದೆ ಮಾಡುತ್ತಿದ್ದ ಒಬ್ಬ ಹಿರಿಯರು. ಕುರ್ಲಾ ಬರುವಷ್ಟರಲ್ಲಿ ನಾನೇ ಎದ್ದು ನಿಂತಿದ್ದೆ, ನನ್ನ ಜಾಗದಲ್ಲಿ ಅವನು ಕುಳಿತಿದ್ದ.

ಇಷ್ಟೆಲ್ಲ ಸೋಲುಗಳ ನಡುವೆ ನನಗೊಂದು ಗೆಲುವು ದೊರೆತದ್ದು ಕಳೆದ ಸೆಪ್ಟೆಂಬರಿನಲ್ಲಿ, ನಮ್ಮ ಹೌಸಿಂಗ್ ಸೊಸೈಟಿಯ ವಾರ್ಷಿಕ ಮಹಾಸಭೆಯಲ್ಲಿ. ಸಭೆಯನ್ನು ಆರ್ಥಿಕ ವರ್ಷ ಮುಗಿದ ಆರು ತಿಂಗಳೊಳಗೆ, ಎಂದರೆ ಸೆಪ್ಟೆಂಬರ್ 30ರೊಳಗೆ ನಡೆಸಲೇಬೇಕಾದ್ದರಿಂದ ನಮ್ಮ ಕಮಿಟಿ ಪ್ರತಿ ವರ್ಷ ಕೊನೆಯ ಭಾನುವಾರಕ್ಕೇ ಕಾಯುತ್ತದೆ. ಆ ಸಲ ಅದು 29ನೆಯ ತಾರೀಕಿಗೆ ಬಂದಿತ್ತು. ಹತ್ತು ಗಂಟೆಗೆ ಕೋರಂ, ಎಂದರೆ ಸಭೆ ನಡೆಸಲು ಬೇಕಾದಷ್ಟು ಜನ, ಇರಲಿಲ್ಲ. ಕೋರಂ ಇಲ್ಲದಿದ್ದರೆ ಹತ್ತೂವರೆಗೆ ಅದೇ ಜಾಗದಲ್ಲಿ ಮತ್ತೆ ಸೇರುವುದೆಂದು ನೋಟೀಸಿನಲ್ಲೇ ಅಚ್ಚಾಗಿರುವುದರಿಂದ ಯಾರೂ ಹತ್ತಕ್ಕೆ ಬರುವುದಿಲ್ಲ, ಯಾರೂ ಬರದಿರುವುದರಿಂದ ಕೋರಂ ಆಗುವುದಿಲ್ಲ. ಸ್ಟಿಲ್ಟ್ ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿ, ಪ್ರತಿಯೊಂದರ ಮೇಲೆ ಒಂದು ಬಟಾಟೆವಡೆಯ ಪೊಟ್ಟಣ. ಲೆಕ್ಕಪತ್ರ ಮಂಜೂರಾಯಿತು. ಮುಂದಿನ ವಿಷಯ: ಹಿಂಬದಿಯ ಹೊರಗೋಡೆಯ ಡ್ರೇನೇಜ್ ಪೈಪುಗಳು ಹಳೆಯದಾಗಿರುವುದರಿಂದ ಅವನ್ನು ಬದಲಿಸುವುದು, ತಲಾ ಹದಿನೆಂಟು ಸಾವಿರ ರೂಪಾಯಿ.

ನಾನು ಎದ್ದು ನಿಂತೆ. ವಾರ್ಷಿಕ ಸಭೆಗೆ ಹದಿನಾಲ್ಕು ಪೂರ್ಣ ದಿನಗಳ ನೋಟೀಸು ಕೊಡಬೇಕೆಂದು ಉಪವಿಧಿ ಹೇಳುತ್ತದೆ. ನೋಟೀಸು ಕೈಗೆ ಬಂದ ದಿನವನ್ನೂ ಸಭೆಯ ದಿನವನ್ನೂ ಬಿಟ್ಟು ಎಣಿಸಬೇಕು. ನನಗೆ ನೋಟೀಸು ಬಂದದ್ದು 16ರಂದು. 17ರಿಂದ 28ರವರೆಗೆ ಎಣಿಸಿದರೆ ಹನ್ನೆರಡೇ. ಇದನ್ನು ನಾನು ಬೆರಳು ಮಡಚಿ ಎಣಿಸಿ ತೋರಿಸಿದೆ. ಸಭೆಯಲ್ಲಿ ಮೌನ ನೆಲೆಸಿತು. ಸಭೆಯೇ ಅಸಿಂಧುವಾದರೆ ಮೂವತ್ತರ ಗಡುವು ತಪ್ಪುತ್ತದೆ ಎಂಬ ಭಯ ಚೇರ್ಮನ್ನರಿಗೆ, ಹದಿನೆಂಟು ಸಾವಿರ ಉಳಿಯುತ್ತದೆ ಎಂಬ ಆಸೆ ಉಳಿದವರಿಗೆ. ಕೊನೆಗೆ ಹನ್ನೆರಡು ದಿನದ ನೋಟೀಸು ಲೆಕ್ಕಪತ್ರಕ್ಕೆ ಸಾಕು, ಪೈಪಿಗೆ ಸಾಲದು ಎಂಬ ವಿಚಿತ್ರ ತೀರ್ಮಾನಕ್ಕೆ ಎಲ್ಲರೂ ಬಂದರು. ಸೆಕ್ರೆಟರಿಯವರು ನನ್ನ ಆಕ್ಷೇಪವನ್ನು ಮಿನಿಟ್ಸ್ ಬುಕ್ಕಿನಲ್ಲಿ ಬರೆದುಕೊಂಡರು. ನನ್ನ ಹೆಸರಿನ ಕಾಗುಣಿತ ಸರಿಯಾಗಿದೆಯೇ ಎಂದು ನಾನೇ ಬಗ್ಗಿ ನೋಡಿ ಖಾತ್ರಿಪಡಿಸಿಕೊಂಡೆ. ಆ ರಾತ್ರಿ ಎರಡು ವಡೆ ಹೆಚ್ಚಿಗೆ ತಿಂದೆ.

ಆ ಪೈಪಿಗೂ ಈ ಕಲೆಗೂ ಸಂಬಂಧ ಕಲ್ಪಿಸುವಷ್ಟು ಬುದ್ಧಿ ನನಗೆ ಜೂನಿನಲ್ಲಿ ಬರಲಿಲ್ಲ. ನೀರು ಮೇಲಿನಿಂದ ಬರುತ್ತದೆ, ಮೇಲೆ ಇರುವವರು ಕಾಕಾ, ಆದ್ದರಿಂದ ನೀರು ಕಾಕಾನದು ಎಂಬುದು ನನ್ನ ತರ್ಕ. ಕಾಕಾ ಎಪ್ಪತ್ತು ದಾಟಿದವರು, ನಿವೃತ್ತರು. ನಲವತ್ತು ವರ್ಷದಿಂದ ಮುಲುಂಡಿನಲ್ಲಿದ್ದರೂ ದಕ್ಷಿಣದಿಂದ ಬಂದ ಎಲ್ಲರಂತೆ ನಾನೂ ಅವರಿಗೆ ಅಣ್ಣಾ. ಮೊದಲ ದಿನ ವಿನಯದಿಂದ ಹೇಳಿದೆ. ಅವರು ತಮ್ಮ ಬಚ್ಚಲನ್ನು ತೋರಿಸಿ, ‘ಬಘಾ ಅಣ್ಣಾ, ಎಲ್ಲ ಒಣಗಿದೆ’ ಎಂದರು. ಎರಡನೆಯ ದಿನ ವಿನಯ ಕಡಿಮೆಯಾಯಿತು. ನಾಲ್ಕನೆಯ ದಿನ ರಾತ್ರಿ ಹತ್ತು ಗಂಟೆಗೆ, ಹಲ್ಲುಜ್ಜುವಾಗ ನೆತ್ತಿಯ ಮೇಲೆ ಬಿದ್ದ ಹನಿಯ ಪ್ರೇರಣೆಯಿಂದ, ನಾನು ಮೆಟ್ಟಿಲಲ್ಲೇ ನಿಂತು ಕೂಗಿದೆ: ‘ಕಾಕಾ, ನಾಳೆಯೇ ನಿಮ್ಮ ಮೇಲೆ ಎಕ್ಯಾಣ್ಣವ ಹಾಕುತ್ತೇನೆ!’

ಎಕ್ಯಾಣ್ಣವ ಎಂದರೆ ತೊಂಬತ್ತೊಂದು. 1960ರ ಮಹಾರಾಷ್ಟ್ರ ಸಹಕಾರ ಸಂಘಗಳ ಕಾಯ್ದೆಯ 91ನೆಯ ಕಲಮಿನ ಪ್ರಕಾರ ಸಂಘದ ವ್ಯವಹಾರಕ್ಕೆ ಸಂಬಂಧಪಟ್ಟ ತಕರಾರುಗಳನ್ನು ಸಹಕಾರ ನ್ಯಾಯಾಲಯಕ್ಕೆ ಒಯ್ಯಬಹುದು. ಅದರಲ್ಲಿ ಬೇಡಿಯೂ ಇಲ್ಲ, ಜೈಲೂ ಇಲ್ಲ. ಇರುವುದು ಅರ್ಜಿ, ಉತ್ತರ ಮತ್ತು ತಾರೀಕುಗಳು. ಕಾಕಾನಿಗೆ ಇದು ತಿಳಿದಿರಲಿಲ್ಲ. ರಾತ್ರಿ ಮೆಟ್ಟಿಲಲ್ಲಿ ನಿಂತ ಒಬ್ಬ ಗಂಡಸು ಹಲ್ಲಿನ ನೊರೆಯೊಂದಿಗೆ ಒಂದು ಕಲಮಿನ ಸಂಖ್ಯೆ ಕೂಗಿದರೆ ಯಾರಾದರೂ ಪೊಲೀಸು ಕಲಮೆಂದೇ ತಿಳಿಯುತ್ತಾರೆ. ಅವರು ಬೆಳಿಗ್ಗೆ ಠಾಣೆಗೆ ಹೋಗಿ ನನ್ನ ಮೇಲೆ ಎನ್.ಸಿ. ಬರೆಸಿ ಬಂದರು.

ಠಾಣೆಯಿಂದ ಫೋನ್ ಬಂದಾಗ ನನ್ನ ಬೆನ್ನು ನೆಟ್ಟಗಾಗಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಹವಾಲ್ದಾರರು ಸಜ್ಜನರು. ನನ್ನನ್ನು ಕೂರಿಸಿ, ಮುಂದಿದ್ದ ಕಾಗದ ನೋಡಿ, ‘ಹೇ ಎಕ್ಯಾಣ್ಣವ ಕಾಯ್ ಆಹೆ?’ ಎಂದು ನಿಜವಾದ ಕುತೂಹಲದಿಂದ ಕೇಳಿದರು. ನಾನು ವಿವರಿಸಿದೆ. ಅವರು ಕಾಗದ ಕೆಳಗಿಟ್ಟು ಕಣ್ಣೊರೆಸಿಕೊಂಡರು. ನಕ್ಕದ್ದರಿಂದ ಎಂದು ನನ್ನ ಅಂದಾಜು. ಎನ್.ಸಿ. ಎಂದರೆ ಅಸಂಜ್ಞೇಯ ಅಪರಾಧದ ದೂರು, ಅದನ್ನು ಪೊಲೀಸರು ಬರೆದುಕೊಳ್ಳುತ್ತಾರೆಯೇ ಹೊರತು ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ತನಿಖೆ ಮಾಡುವಂತಿಲ್ಲ, 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಅದು ಹಾಗೆಯೇ ಇದೆ ಎಂಬುದನ್ನು ನಾನು ಅವರಿಗೆ ತಿಳಿಸಲು ಹೊರಟಿದ್ದೆ. ಅಷ್ಟರಲ್ಲಿ ಅವರೇ, ‘ಅಣ್ಣಾ, ಮನೆಗೆ ಹೋಗಿ, ಪ್ಲಂಬರನನ್ನು ಕರೆಯಿರಿ’ ಎಂದರು. ಮೂರು ವಾರಗಳಲ್ಲಿ ನನಗೆ ದೊರೆತ ಮೊದಲ ಉಪಯುಕ್ತ ಕಾನೂನು ಸಲಹೆ ಅದು.

ನಾನು ಪ್ಲಂಬರನ ಬದಲು ವಕೀಲ ಮಿತ್ರನನ್ನು ಕರೆದೆ. ಕುಂದಾಪುರ ಕಡೆಯ ಈ ಮಿತ್ರ ಭಾನುವಾರ ಬೆಳಿಗ್ಗೆ ಮಾಟುಂಗಾದ ಉಡುಪಿ ಹೋಟೆಲಿನಲ್ಲಿ ಸಿಗುತ್ತಾನೆ, ಒಂದು ಬನ್ಸ್ ಮತ್ತು ಒಂದು ಫಿಲ್ಟರ್ ಕಾಫಿಯ ಮೇಲೆ ಫೀಸು ತೆಗೆದುಕೊಳ್ಳುವುದಿಲ್ಲ. ಸೇಡಿಗಾಗಿ ನಾನು ಜೂನ್ ತಿಂಗಳ ಮೆಂಟೆನೆನ್ಸ್ ಕಟ್ಟುವುದನ್ನು ನಿಲ್ಲಿಸಿದ್ದೇನೆಂದು ಹೆಮ್ಮೆಯಿಂದ ಹೇಳಿದೆ. ಅವನು ಬನ್ಸ್ ಕೆಳಗಿಟ್ಟ. ‘ಮಾರಾಯ, ಸೊಸೈಟಿ ಕೆಲಸ ಮಾಡಲಿಲ್ಲ ಎಂದು ಮೆಂಟೆನೆನ್ಸ್ ನಿಲ್ಲಿಸಿದರೆ ಬಾಕಿದಾರ ನೀನೇ. ವರ್ಷಕ್ಕೆ ನೂರಕ್ಕೆ ಇಪ್ಪತ್ತೊಂದರವರೆಗೆ ಸರಳಬಡ್ಡಿ ಹಾಕುತ್ತಾರೆ, ನಾಳೆ ವಸೂಲಿಗೂ ಹೊರಡುತ್ತಾರೆ.’ ಜುಲೈ ಬಿಲ್ಲಿನಲ್ಲಿ 4,200 ರೂಪಾಯಿಯ ಮೇಲೆ 73 ರೂಪಾಯಿ 50 ಪೈಸೆ ಬಡ್ಡಿ ಬಂದಾಗ ಅವನ ಲೆಕ್ಕ ಪೈಸೆಗೆ ಪೈಸೆ ಸರಿಯಿತ್ತು. ಮತ್ತೆ ಅವನು ಕೇಳಿದ: ‘ನೀರು ಎಲ್ಲಿಂದ ಬರುತ್ತಿದೆ ಎಂದು ನೋಡಿದೆಯೋ? ಮಳೆನೀರೋ ಹೊರಗಿನ ಸಾಮಾನ್ಯ ಪೈಪೋ ಸೋರಿದರೆ ಖರ್ಚು ಸೊಸೈಟಿಯದು. ಅವರ ಬಚ್ಚಲೊಳಗಿನಿಂದ ಬಂದರೆ ಅವರದು. ಅದು ಗೊತ್ತಾಗದೆ ಎಕ್ಯಾಣ್ಣವ ಯಾರ ಮೇಲೆ ಹಾಕುತ್ತೀ, ಮೋಡದ ಮೇಲೆಯೋ? ಮತ್ತೆ ಇನ್ನೊಂದು, ಮೆಟ್ಟಿಲಲ್ಲಿ ಕೂಗಿದ್ದಕ್ಕೆ ಪೋಚ್ ಸಿಗುವುದಿಲ್ಲ.’

ಪೋಚ್ ಎಂಬುದು ಮುಂಬಯಿ ನನಗೆ ಕಲಿಸಿದ ಪದಗಳಲ್ಲಿ ಅತ್ಯಂತ ಬೆಲೆಯುಳ್ಳದ್ದು. ಅರ್ಜಿಯನ್ನು ಎರಡು ಪ್ರತಿ ಮಾಡಿ, ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಮುದ್ರೆ, ಸಹಿ, ತಾರೀಕು ಹಾಕಿಸಿಕೊಂಡರೆ ಅದು ಪೋಚ್. ಪೋಚ್ ಇಲ್ಲದ ದೂರು ಗಾಳಿಮಾತು. ಇಪ್ಪತ್ತು ವರ್ಷ ಕಚೇರಿಯಲ್ಲಿ ಇತರರ ಕಾಗದಗಳಿಗೆ ಪೋಚ್ ಹಾಕಿದ ನಾನು ನನ್ನ ಸ್ವಂತ ಸೀಲಿಂಗಿನ ವಿಷಯದಲ್ಲಿ ಒಂದು ಚೀಟಿಯನ್ನೂ ಬರೆದಿರಲಿಲ್ಲ.

ಪ್ಲಂಬರ್ ಬಂದ. ಕಾಕಾ ಬಾಗಿಲು ತೆರೆದರು, ಆದರೆ ನನ್ನ ಕಡೆ ನೋಡಲಿಲ್ಲ. ಅವನು ಅವರ ಬಚ್ಚಲಿನ ನಾಹಣಿ ಟ್ರ್ಯಾಪಿಗೆ, ಎಂದರೆ ನೀರು ಹರಿದುಹೋಗುವ ಬಾಯಿಗೆ, ಬಟ್ಟೆ ತುರುಕಿ, ಎರಡು ಬೆರಳು ಎತ್ತರಕ್ಕೆ ನೀರು ನಿಲ್ಲಿಸಿದ. ಕಾಕಾನ ಹೆಂಡತಿ ಕಾಕೂ ಹೋಳಿಯಲ್ಲಿ ಉಳಿದಿದ್ದ ಗುಲಾಬಿ ಬಣ್ಣದ ಪುಡಿ ತಂದುಕೊಟ್ಟರು. ರಾತ್ರಿಯಿಡೀ ನಿಂತ ಗುಲಾಬಿ ನೀರು ಸೋರಿದರೆ ನಮ್ಮ ಬಾಲ್ದಿಗೆ ಗುಲಾಬಿ ಹನಿ ಬೀಳಬೇಕು, ಅಪರಾಧ ಸಿದ್ಧವಾಗುತ್ತದೆ. ನಾನು ಬಚ್ಚಲಲ್ಲಿ ಸ್ಟೂಲು ಹಾಕಿ ಕುಳಿತೆ. ಎರಡು ಗಂಟೆಯ ಹೊತ್ತಿಗೆ ಮಳೆ ಜೋರಾಯಿತು, ಹನಿಯೂ ಜೋರಾಯಿತು. ಟಾರ್ಚಿನ ಬೆಳಕಿನಲ್ಲಿ ಬಾಲ್ದಿಯೊಳಗೆ ನೋಡಿದೆ. ನೀರು ಮಾಸಲು ಕಂದಾಗಿತ್ತು, ಸಣ್ಣ ಮರಳು ತಳದಲ್ಲಿ ಕೂತಿತ್ತು. ಗುಲಾಬಿ ಎಲ್ಲಿಯೂ ಇರಲಿಲ್ಲ.

ಬೆಳಿಗ್ಗೆ ಪ್ಲಂಬರ್ ನನ್ನನ್ನು ಹಿಂಬದಿಗೆ ಕರೆದೊಯ್ದು ಬೆರಳು ತೋರಿಸಿದ. ಕಾಕಾನ ಮನೆಯ ನೆಲದ ಮಟ್ಟದಲ್ಲಿ ಡ್ರೇನೇಜ್ ಪೈಪಿನ ಜೋಡಣೆ ಬಿಟ್ಟುಕೊಂಡಿತ್ತು. ಆ ಬಿರುಕಿನಲ್ಲಿ ಒಂದು ಅರಳಿಯ ಸಸಿ, ತುದಿಯ ಎಲೆಗಳು ಎಳೆಗೆಂಪು, ಮಳೆಗೆ ನೆಂದು ಹೊಳೆಯುತ್ತ, ನೆಮ್ಮದಿಯಾಗಿ ತಲೆ ಆಡಿಸುತ್ತಿತ್ತು. ಅದರ ಬೇರು ಗೋಡೆಯೊಳಗೆ ಹೊಕ್ಕಿತ್ತು. ಬೇರಿನ ದಾರಿ ಹಿಡಿದು ನೀರು ಹೊಕ್ಕಿತ್ತು.

ಈ ಸಲ ಎರಡು ಪ್ರತಿ ಬರೆದೆ. ಸೋರಿಕೆ ಹೊರಗಿನ ಸಾಮಾನ್ಯ ಪೈಪಿನದಾದ್ದರಿಂದ ದುರಸ್ತಿ ಸೊಸೈಟಿಯ ಹೊಣೆ ಎಂದೂ, ಕಮಿಟಿ ಇಷ್ಟು ಕಾಲ ನಿರ್ಲಕ್ಷಿಸಿರುವುದು ಖಂಡನೀಯವೆಂದೂ ಬರೆದು ಸೆಕ್ರೆಟರಿಯವರ ಮುಂದಿಟ್ಟೆ. ಅವರು ಪೂರ್ತಿ ಓದಿದರು. ತಕರಾರಿಲ್ಲದೆ ಮುದ್ರೆ ಹೊಡೆದು, ಸಹಿ ಮಾಡಿ, ಪೋಚ್ ಕೊಟ್ಟರು. ಅನಂತರ ಕಪಾಟಿನಿಂದ ಮಿನಿಟ್ಸ್ ಬುಕ್ಕು ತೆಗೆದು, ಸೆಪ್ಟೆಂಬರಿನ ಪುಟ ತೆರೆದು, ನನ್ನ ಕಡೆಗೆ ತಿರುಗಿಸಿಟ್ಟರು. ನನ್ನ ಹೆಸರಿನ ಕಾಗುಣಿತ ಅಲ್ಲಿ ಸರಿಯಾಗಿಯೇ ಇತ್ತು. ಪೈಪು ಬದಲಿಸಲು ಈಗಲೂ ಮಹಾಸಭೆಯ ಠರಾವು ಬೇಕು, ಮಳೆಯಿಂದಾಗಿ ಕಂಟ್ರಾಕ್ಟರನ ದರ ಇಪ್ಪತ್ತೆರಡು ಸಾವಿರಕ್ಕೆ ಏರಿದೆ ಎಂದಷ್ಟೇ ಅವರು ಹೇಳಿದರು. ಅವರ ಸಭ್ಯತೆ ನನಗೆ ಸಹಿಸಲು ಕಷ್ಟವಾಯಿತು.

ಕಾಕಾನ ಮನೆಗೆ ಒಂದು ಡಬ್ಬಿ ಪತ್ರೊಡೆಯೊಂದಿಗೆ ಹೋದೆ. ಅವರು ನನ್ನನ್ನು ಒಳಗೆ ಕರೆದು, ಬಚ್ಚಲಿನ ಹೆಂಚುಗಳ ಸಂದಿನಲ್ಲಿ ಎಷ್ಟು ತಿಕ್ಕಿದರೂ ಹೋಗದ ಗುಲಾಬಿ ಬಣ್ಣವನ್ನು ತೋರಿಸಿದರು. ಅದರ ಬಗ್ಗೆ ಕಾಯ್ದೆ ಏನು ಹೇಳುತ್ತದೆ ಎಂದು ಕೇಳಿದರು.

ವಿಶೇಷ ಮಹಾಸಭೆ ಜುಲೈ 20ರ ಭಾನುವಾರಕ್ಕೆ ನಿಗದಿಯಾಯಿತು. ವಿಶೇಷ ಸಭೆಗೆ ಐದು ಪೂರ್ಣ ದಿನಗಳ ನೋಟೀಸು ಸಾಕು. ವಾಚ್‌ಮನ್ ನೋಟೀಸನ್ನೂ ಸಹಿಯ ರಿಜಿಸ್ಟರನ್ನೂ ಹಿಡಿದು ಬಾಗಿಲು ತಟ್ಟಿದ್ದು 15ರ ಮಂಗಳವಾರ ಸಂಜೆ. ಬೆರಳುಗಳು ಹಳೆಯ ಚಾಳಿಯಿಂದ ತಾವಾಗಿ ಮಡಚಿಕೊಂಡವು: 16, 17, 18, 19. ನಾಲ್ಕು. ಮತ್ತೊಮ್ಮೆ ಎಣಿಸಿದೆ, ನಾಲ್ಕೇ. ಒಳಗೆ ಬಚ್ಚಲಿನಲ್ಲಿ ತುಂಬಿದ ಬಾಲ್ದಿಯನ್ನು ಹೆಂಡತಿ ಬರಿದು ಮಾಡಿ ಮತ್ತೆ ಬೆಳಗಾವಿಯ ಕೆಳಗಿಡುವ ಸದ್ದು ಕೇಳಿಸಿತು. ನಾನು ರಿಜಿಸ್ಟರು ತೆಗೆದುಕೊಂಡು ಸಹಿ ಮಾಡಿ, ಪಕ್ಕದಲ್ಲಿ 14 ಎಂದು ಬರೆದೆ.

‘ಸಾಬ್, ಆಜ್ ಪಂದ್ರಾ ಹೈ,’ ಎಂದ ವಾಚ್‌ಮನ್.

‘ಮಾಲೂಮ್ ಹೈ,’ ಎಂದು ಬಾಗಿಲು ಹಾಕಿಕೊಂಡೆ.