ಬ್ಯಾಟರಿ ಹೋಗಿದೆ ಮಾರಾಯ್ರೇ!

ನಿಮ್ಮ ಕಾರು ಸ್ಟಾರ್ಟ್ ಆಗದಿದ್ದರೆ ದಯವಿಟ್ಟು ಯಾರಿಗೂ ಹೇಳಬೇಡಿ. ಉಡುಪಿಯಲ್ಲಂತೂ ಬೇಡವೇ ಬೇಡ. ಇಲ್ಲಿ ಹಾಲಿನವರಿಂದ ಹಿಡಿದು ತೆಂಗಿನಕಾಯಿ ಕೀಳಲು ಬಂದವರವರೆಗೆ ಎಲ್ಲರ ಬಳಿಯೂ ಉತ್ತರ ರೆಡಿ ಉಂಟು: "ಬ್ಯಾಟರಿ ಹೋಗಿದೆ ಮಾರಾಯ್ರೇ, ಬೇರೆ ಹಾಕಿ." ಬಾನೆಟ್ ಎತ್ತುವುದೂ ಬೇಡ, ಮೀಟರ್ ಇಡುವುದೂ ಬೇಡ.

ನನ್ನ ಕಾರಿಗೆ ಹಾಕಿಸಿ ಆಗಿತ್ತಲ್ಲ! ಅಂಗಡಿಯವರೂ ಅದನ್ನೇ ಹೇಳಿದರು. ಹಳೆಯದನ್ನು ಎಕ್ಸ್‌ಚೇಂಜಿಗೆ ಇಟ್ಟುಕೊಂಡು ಹೊಸದನ್ನು ಕೂರಿಸಿ ಕಳಿಸಿದರು. ವಾರ ಕಳೆಯುವುದರೊಳಗೆ ಮತ್ತೆ ಕೀ ತಿರುಗಿಸಿದರೆ ಟಿಕ್, ಟಿಕ್. ಡ್ಯಾಶ್‌ಬೋರ್ಡಿನ ಕೆಂಪು ಬ್ಯಾಟರಿ ದೀಪವಾದರೂ ಒಂದು ಸುಳಿವು ಕೊಟ್ಟಿತಾ? ಇಲ್ಲ. ಇಂಜಿನ್ ಓಡುವಾಗ ಅದು ಸುಮ್ನೆ ಆರಿಯೇ ಇರುತ್ತಿತ್ತು.

ಅಷ್ಟರಲ್ಲಿ ಪಕ್ಕದ ಮನೆಯ ರಾಯರು ಕೊಡೆ ಹಿಡಿದು ಬಂದರು. ರಾಯರಿಗೆ ಒಂದು ಅಭ್ಯಾಸ. ಕಾರಿನ ಯಾವ ಕಾಯಿಲೆಯನ್ನೂ ಅವರು ಹಾರ್ನ್ ಕೇಳಿಯೇ ಪತ್ತೆ ಮಾಡುವುದು, ಪಂಡಿತರು ನಾಡಿ ಹಿಡಿದ ಹಾಗೆ.

"ಹಾರ್ನ್ ಒತ್ತಿ."

ಪೋಂ.

ರಾಯರು ಕಣ್ಣು ಮುಚ್ಚಿದರು. "ಇನ್ನೊಮ್ಮೆ, ಸ್ವಲ್ಪ ಉದ್ದಕ್ಕೆ."

ಪೋಂಂಂ.

"ಹ್ಞೂಂ. ಈಗ ಹೆಡ್‌ಲೈಟ್ ಹಾಕಿ ಒತ್ತಿ."

ಹಾರ್ನ್ ಎಳೆಯುವುದು ಕೆಲವೇ ಆಂಪಿಯರ್. ಸ್ಟಾರ್ಟರ್ ಮೋಟರಿಗೆ ನೂರಕ್ಕೂ ಜಾಸ್ತಿ ಬೇಕು. ಹಾರ್ನ್ ಚೆನ್ನಾಗಿ ಕೂಗಿತು ಅಂದರೆ ಹಾರ್ನ್ ಚೆನ್ನಾಗಿದೆ, ಅಷ್ಟೇ. ಇದನ್ನು ರಾಯರಿಗೆ ಹೇಳುವವರು ಯಾರು? ಒತ್ತಿದೆ. ಬ್ಯಾಟರಿಯಲ್ಲಿ ಉಳಿದಿದ್ದ ಚೂರುಪಾರು ಜೀವವೂ ಹಾರ್ನಿಗೇ ಹೋಗುತ್ತಿತ್ತು. ಪೋಂ ಹೋಗಿ ಪೊಂಯ್ ಆಯಿತು. ಪೊಂಯ್ ಹೋಗಿ ಪೀಂಯ್ ಆಯಿತು.

ಆಗ ಗೇಟು ತೆಗೆಯುವ ಶಬ್ದ. ಎದುರು ಮನೆಯ ಅಕ್ಕ ಪಾತ್ರೆ ಹಿಡಿದು ಓಡಿ ಬಂದರು. ಹಿಂದಿನಿಂದ ಇನ್ನೊಬ್ಬರು. ಅವರ ಹಿಂದೆ ಬೆಕ್ಕು. ಜುಲೈ ತಿಂಗಳು, ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಮೀನುಗಾರಿಕೆ ಬಂದರು ಮಲ್ಪೆಯ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಮೀನಿಗೆ ಬರ. ಅಂಥಾದ್ದರಲ್ಲಿ ಮೀನಿನವರ ಗಾಡಿಯ ಹಾಗೆ ಹಾರ್ನ್ ಕೇಳಿದರೆ ಯಾರು ತಾನೇ ಮನೆಯೊಳಗೆ ಕೂರುತ್ತಾರೆ?

"ಬಂಗುಡೆ ಉಂಟಾ?" ಎಂದು ಅಕ್ಕ ಕೇಳಿದ್ದು ರಾಯರನ್ನು. ಜನ್ಮದಲ್ಲಿ ಮೀನು ಮುಟ್ಟದ ರಾಯರು ಕಣ್ಣು ಬಿಟ್ಟು, "ಇಲ್ಲಮ್ಮ, ಬ್ಯಾಟರಿ ಹೋಗಿದೆ" ಎಂದರು. ಅಕ್ಕ ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. ಬೆಕ್ಕು ಮಾತ್ರ ಆಸೆ ಬಿಡದೆ ಕಾರಿನ ಅಡಿಯಲ್ಲೇ ಕೂತಿತು.

ಅಪ್ಪನ ಅಂಬಾಸಿಡರ್ ಕಾಲದಲ್ಲಿ ಹೀಗೆ ಸೇರಿದ ಜನ ತಳ್ಳುತ್ತಿದ್ದರು. ಅಪ್ಪ ಎರಡನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ಗಾಡಿ ಕೆಮ್ಮಿ ಎದ್ದು ಓಡುತ್ತಿತ್ತು. ನಾವು ಮಕ್ಕಳು ಕೆಸರಲ್ಲೇ ಕುಣಿಯುತ್ತಿದ್ದೆವು. ನನ್ನದು ಆಟೋಮ್ಯಾಟಿಕ್. ತಳ್ಳಿದರೆ ಜಾಗ ಬದಲಾಗುತ್ತದೆ, ಅಷ್ಟೇ.

ಕೊನೆಗೆ ಬಂದ ಆಟೋ ಎಲೆಕ್ಟ್ರಿಷಿಯನ್ ಹುಡುಗ ಮಾತೇ ಆಡಲಿಲ್ಲ. ಬೇರೆ ಬ್ಯಾಟರಿಯಿಂದ ಕರೆಂಟ್ ಕೊಡುವ ಜಂಪರ್ ಕೇಬಲ್‌ನ ಕಪ್ಪು, ಅಂದರೆ ಮೈನಸ್, ಕ್ಲಿಪ್ಪನ್ನು ಬ್ಯಾಟರಿಗೆ ಹಾಕದೆ ಇಂಜಿನ್ನಿಗೇ ಕಚ್ಚಿಸಿದ. ಕಾರು ಒಂದೇ ಏಟಿಗೆ ಸ್ಟಾರ್ಟ್! ಕೇಬಲ್ ತೆಗೆದು ಮೀಟರ್ ಇಟ್ಟ. ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನಲ್ಲಿ 14.2 ವೋಲ್ಟ್. ಬ್ಯಾಟರಿಯಲ್ಲಿ ಬರೀ 12.6. ಮಧ್ಯದ 1.6 ಎಲ್ಲಿ ಹೋಯಿತು? ಬ್ಯಾಟರಿಯ ಮೈನಸ್‌ಗೂ ಇಂಜಿನ್ನಿಗೂ ಮೀಟರಿನ ಎರಡು ಕಡ್ಡಿ ತಾಗಿಸಿದ. 1.6 ಅಲ್ಲೇ ಕೂತಿತ್ತು! ಅಲ್ಲಿ 0.2 ದಾಟಬಾರದಂತೆ.

"ಅರ್ತ್ ಪಟ್ಟಿ ಸರ್, ಬ್ಯಾಟರಿಯ ಮೈನಸನ್ನು ಇಂಜಿನ್ನಿಗೆ ಜೋಡಿಸುವುದು. ಉಪ್ಪು ಗಾಳಿಗೆ ತುಕ್ಕು ಹಿಡಿದಿದೆ. ಆಲ್ಟರ್ನೇಟರ್ ಸರಿಯೇ ಉಂಟು, ಹಾಗಾಗಿ ಕೆಂಪು ದೀಪ ಬರುವುದಿಲ್ಲ. ಅದು ಕೊಟ್ಟ ಚಾರ್ಜ್ ಬ್ಯಾಟರಿಗೆ ಮುಟ್ಟುವುದಿಲ್ಲ."

ರಾಯರು ಕೊಡೆ ಮಡಚಿದರು. "ನಾನು ಆಗಲೇ ಅಂದುಕೊಂಡೆ. ಹಾರ್ನಿನಲ್ಲಿ ಅರ್ತಿಂಗ್ ಕೇಳಿಸುತ್ತಿರಲಿಲ್ಲ."

ಹುಡುಗ ಹೊಸ ಪಟ್ಟಿ ಬಿಗಿಯುತ್ತಾ, "ಹಳೇ ಬ್ಯಾಟರಿ ಎಲ್ಲಿ ಸರ್? ಅದು ಒಳ್ಳೆಯದೇ ಇದ್ದಿರಬೇಕು" ಎಂದ. ನಾನು ಉತ್ತರ ಕೊಡದೆ ಬಿಲ್ ಕೇಳಿದೆ. ಹೊಸ ಬ್ಯಾಟರಿಗೆ ಸುರಿದ ದುಡ್ಡಿನಲ್ಲಿ ನಮ್ಮ ಓಣಿಯ ಅಷ್ಟೂ ಕಾರುಗಳಿಗೆ ಪಟ್ಟಿ ಹಾಕಿಸಬಹುದಿತ್ತು, ರಾಯರ ಕಾರನ್ನೂ ಸೇರಿಸಿ.