ಸತ್ಯಾಂಶ: ಜ್ವರದ ಜೊತೆ ಮೈ ಕೆಂಪಾದರೆ ಅದೆಲ್ಲ ‘ಅಮ್ಮ’ ಅಲ್ಲ

ಬೆಂಗಳೂರಿನ ಅಪಾರ್ಟ್‌ಮೆಂಟ್ ವಾಟ್ಸಾಪ್ ಗುಂಪುಗಳಲ್ಲಿ ಸುತ್ತುವ ಮೆಸೇಜ್ ಇದು: “ಮಗುವಿಗೆ ಜ್ವರ ಬಂದು ಮೈಮೇಲೆ ಕೆಂಪಗೆ ಎದ್ದರೆ ಅಮ್ಮ ಬಂದಿದೆ. ಔಷಧಿ ಬೇಡ. ಬೇವಿನ ಸೊಪ್ಪು ಇಟ್ಟು ಒಂಬತ್ತು ದಿನ ಕಾಯಿರಿ.”

ಇದು ತಪ್ಪು. ಬೇವಿನ ಸೊಪ್ಪು ಪಕ್ಕದಲ್ಲಿದ್ದರೆ ನಷ್ಟವಿಲ್ಲ, ಅಜ್ಜಿಗೂ ಸಮಾಧಾನ. ಅಪಾಯ ಇರುವುದು ಸುಮ್ನೆ ಕಾಯುವುದರಲ್ಲಿ.

ಗಂಟಲು ನೋವು, ಜ್ವರ, ಮುಟ್ಟಿದರೆ ಉಪ್ಪುಕಾಗದದಂತೆ ಒರಟಾದ ಕೆಂಪು ಚರ್ಮ ಇದ್ದರೆ ಸ್ಕಾರ್ಲೆಟ್ ಜ್ವರ ಇರಬಹುದು. ಇದು ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾದ ಕೆಲಸ. ಪೆನ್ಸಿಲಿನ್ ಅಥವಾ ಅಮಾಕ್ಸಿಸಿಲಿನ್‌ಗೆ ಬಗ್ಗುತ್ತದೆ, ಸಾಮಾನ್ಯವಾಗಿ 10 ದಿನ ಕೊಡುತ್ತಾರೆ. ಜ್ವರ ಬಿಟ್ಟಿತು ಅಂತ ಮಧ್ಯದಲ್ಲೇ ನಿಲ್ಲಿಸಬೇಡಿ. ಚಿಕಿತ್ಸೆ ಸರಿಯಾಗಿ ಆಗದಿದ್ದರೆ ಮುಂದೆ ಹೃದಯದ ಕವಾಟಕ್ಕೇ ಪೆಟ್ಟು ಬೀಳಬಹುದು.

ಇನ್ನೊಂದು ಕವಾಸಾಕಿ ಕಾಯಿಲೆ. ಜಪಾನಿನ ಮಕ್ಕಳ ವೈದ್ಯ ತೊಮಿಸಾಕು ಕವಾಸಾಕಿ 1967ರಲ್ಲಿ ಇದನ್ನು ವಿವರಿಸಿದರು. ಐದು ವರ್ಷದೊಳಗಿನವರಿಗೇ ಜಾಸ್ತಿ. ಐದು ದಿನವಾದರೂ ಇಳಿಯದ ಜ್ವರ, ಪಿಸುರಿಲ್ಲದೆ ಕೆಂಪಾದ ಕಣ್ಣು, ಒಡೆದ ತುಟಿ, ಕೆಂಪು ನಾಲಿಗೆ, ಊದಿದ ಅಂಗೈ ಅಂಗಾಲು. ಎಲ್ಲವೂ ಒಟ್ಟಿಗೇ ಕಾಣಿಸಬೇಕೆಂದಿಲ್ಲ, ಹಾಗಾಗಿ ಬಂದು ಹೋದದ್ದನ್ನೂ ವೈದ್ಯರಿಗೆ ಹೇಳಿ. ಇದಕ್ಕೆ ಆಂಟಿಬಯೋಟಿಕ್ ನಾಟುವುದಿಲ್ಲ. ರಕ್ತನಾಳದ ಮೂಲಕ ಇಮ್ಯುನೋಗ್ಲೋಬುಲಿನ್ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳ ಔಷಧಿ) ಕೊಡಬೇಕು, ಅದೂ ಜ್ವರ ಶುರುವಾದ 10 ದಿನದೊಳಗೆ ಆದರೆ ಒಳ್ಳೆಯದು. ಚಿಕಿತ್ಸೆ ಸಿಗದ ಮಕ್ಕಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಹೃದಯದ ರಕ್ತನಾಳ ಉಬ್ಬುತ್ತದೆ. ಒಂಬತ್ತು ದಿನ ಕಾದರೆ ಉಳಿಯುವ ಸಮಯ ಎಷ್ಟು, ನೀವೇ ನೋಡಿ.

ಗಾಜಿನ ಲೋಟ ಒತ್ತಿದರೂ ಮಾಯವಾಗದ ಕಲೆ, ಎಬ್ಬಿಸಿದರೂ ಏಳದ ಮಂಪರು, ಏದುಸಿರು ಕಂಡರೆ 108ಕ್ಕೆ ಫೋನ್ ಮಾಡಿ.